ಕರಿ ಬೆಲ್ಲದ ಚಂದ್ರಕಾಳಿ

ನಮ್ಮ ಪಡಸಾಲೆಯ ನಟ್ಟನಡುವೆ ಕುಣಿ ತೋಡಿದ ದಿನ ಬಿಬವೇವಾಡಿಯ ನಮ್ಮ ಓಣಿಯ ಅರ್ಧ ಜನ ಬಾಗಿಲಲ್ಲಿ ಜಮಾಯಿಸಿದ್ದರು. ಹಾರೆ ಹಿಡಿದವನು ಅಪ್ಪ. ಆ ನೆಲಕ್ಕೆ ತಾನೇ ಎದುರು ನಿಂತು ಶಹಾಬಾದ್ ಫರಸಿ ಹಾಕಿಸಿದ್ದ. ಯಾರಾದರೂ ಕುರ್ಚಿ ಎಳೆದರೂ ಮುಖ ಗಂಟು ಹಾಕುತ್ತಿದ್ದ ಮನುಷ್ಯ, ಅವತ್ತು ಪಾಯಿಜಾಮದ ಕಾಲು ಮಡಚಿಕೊಂಡು ಆ ಫರಸಿಯನ್ನೇ ಎಬ್ಬಿಸುತ್ತಿದ್ದ. ಎದುರು ಮನೆಯವರು ಇಣುಕಿ, "ಕಾಯ ಕಾಕಾ, ಖಜಿನಾ ಸಾಪಡಲಾ ಕಾ?" ಎಂದು ಕೇಳಿದರು. ಖಜಾನೆ ಸಿಕ್ಕರೆ ಮೊದಲು ನಿಮಗೇ ಹೇಳುತ್ತೇನೆ ಎಂದು ಅಪ್ಪ ಅವರ ಮರಾಠಿಯಲ್ಲೇ ಉತ್ತರ ಕೊಟ್ಟ. ನನಗೆ ನಗು ತಡೆಯಲಾಗಲಿಲ್ಲ. ಆಫೀಸಿಗೆ ರಜೆ ಹಾಕಿ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದೆ. ಇಂಥ ತಮಾಷೆ ಬಿಟ್ಟು ಆಫೀಸಿಗೆ ಯಾರು ಹೋಗುತ್ತಾರೆ?

ಖಜಾನೆಗಲ್ಲ, ಮಗ್ಗಕ್ಕೆ ತೋಡಿದ ಕುಣಿ ಅದು. ನಮ್ಮ ಅವ್ವನ ತವರಿನ ಕಡೆ, ಇಳಕಲ್ಲಿನ ಸುತ್ತ, ನೇಯುವವರು ನೆಲದ ಅಂಚಿನಲ್ಲಿ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಾರೆ. ಪಾವಟಿಗೆಯನ್ನು ಅಲ್ಲಿಂದಲೇ ತುಳಿಯಬೇಕು. ಕುಣಿ ಇಲ್ಲದೆ ಆ ಮಗ್ಗ ಕೂಡುವುದಿಲ್ಲ. ಪುಣೆಯ ಒಂದು ಸಾದಾ ಮನೆಯಲ್ಲಿ, ಟಿವಿ ಮತ್ತು ಸೋಫಾದ ನಡುವೆ ಅದನ್ನು ಕೂಡಿಸಬೇಕಾಗಿ ಬಂದದ್ದು ಅವ್ವ ಆಡಿದ ಒಂದೇ ಒಂದು ಮಾತಿನಿಂದ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ತಂಗಿ ತನ್ನ ಜೊತೆ ಕೆಲಸ ಮಾಡುವ ಮರಾಠಿ ಹುಡುಗನನ್ನು ಮೆಚ್ಚಿದ್ದಳು, ಎರಡೂ ಮನೆಯವರು ಒಪ್ಪಿದ್ದರು, ದಸರೆಯ ಮಗ್ಗುಲಲ್ಲೇ ನಿಶ್ಚಿತಾರ್ಥ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಹುಡುಗನ ತಾಯಿ, ಅಂದರೆ ನಮ್ಮ ಬೀಗತಿ, ಸಂಕ್ರಾಂತಿಯ ಮಾತು ತೆಗೆದರು. ಮದುವೆಯಾದ ಮೊದಲ ಸಂಕ್ರಾಂತಿಗೆ ಹೊಸ ಸೊಸೆಗೆ ಕರಿ ಸೀರೆ ಉಡಿಸಿ, ಸಕ್ಕರೆ ಪಾಕ ಹತ್ತಿಸಿದ ಬಿಳಿ ಕುಸರೆಳ್ಳಿನ ಆಭರಣ ತೊಡಿಸಿ, ಊರ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆಯುವುದು ಅವರ ಮನೆಯ ದೊಡ್ಡ ಸಂಭ್ರಮ. ಉಳಿದ ಹಬ್ಬಗಳಲ್ಲಿ ಯಾರೂ ಮುಟ್ಟದ ಕರಿಗೆ ಅವತ್ತೊಂದು ದಿನ ರಾಜಮರ್ಯಾದೆ. ಅವರು ಅದನ್ನು ಚಂದ್ರಕಳಾ ಅನ್ನುತ್ತಾರೆ, ನಾವು ಚಂದ್ರಕಾಳಿ ಅನ್ನುತ್ತೇವೆ. "ಚಂದ್ರಕಳಾ ಆಮ್ಹೀಚ ಘೇಊ," ಸೀರೆ ನಾವೇ ಕೊಳ್ಳುತ್ತೇವೆ, ಎಂದರು ಬೀಗತಿ.

"ನಕೋ, ನಕೋ," ಎಂದಳು ಅವ್ವ. "ಆಮ್ಹೀ ಘರೀಚ ವಿಣೂ."

ಮನೆಯಲ್ಲೇ ನೇಯುತ್ತೇವಂತೆ! ಅಪ್ಪನ ಬಾಯಲ್ಲಿದ್ದ ಅಡಿಕೆ ಹಾಗೇ ನಿಂತಿತು. ನಾನು ಅವ್ವನ ಮುಖ ನೋಡಿದೆ. ಅವಳಿಗೂ ತನ್ನ ಮಾತು ಆಗಷ್ಟೇ ಕೇಳಿಸಿದಂತಿತ್ತು.

ಅವ್ವ ನೇಕಾರರ ಮನೆಯ ಮಗಳು. ಅಪ್ಪನದು ಬಟ್ಟೆ ವ್ಯಾಪಾರದ ಮನೆ, ಪುಣೆಯಲ್ಲೂ ಅವನದು ಬಟ್ಟೆ ಅಂಗಡಿಯೇ. ಊರಲ್ಲಿ ಈ ಎರಡಕ್ಕೂ ಇದ್ದ ಅಂತರ ಪುಣೆಯವರಿಗೆ ಗೊತ್ತಾಗುವುದಿಲ್ಲ. ವ್ಯಾಪಾರದವರು ಗಾದಿಯ ಮೇಲೆ ಕೂತಿರುತ್ತಿದ್ದರು, ನೇಯ್ದವರು ಸೀರೆ ಹಿಡಿದು ಕಟ್ಟೆಯ ಕೆಳಗೆ ನಿಂತಿರುತ್ತಿದ್ದರು. ಮದುವೆಯಾಗಿ ಪುಣೆಗೆ ಬಂದ ಮೇಲೆ ಅವ್ವ ಯಾರು ಕೇಳಿದರೂ "ಕಾಪಡಾಚಾ ಧಂದಾ," ನಮ್ಮದು ಬಟ್ಟೆ ವ್ಯಾಪಾರ, ಎಂದಷ್ಟೇ ಹೇಳುತ್ತ ಬಂದಿದ್ದಳು. ತವರಿನ ಮಗ್ಗದ ಮಾತು ಅವಳ ಬಾಯಲ್ಲಿ ನಾನು ಕೇಳಿದ್ದೇ ಕಡಿಮೆ. ಅಂಥವಳು ತುಂಬಿದ ಸಭೆಯಲ್ಲಿ, ಹೊಸ ಬೀಗರ ಮುಂದೆ, ನೇಯುತ್ತೇವೆ ಎಂದುಬಿಟ್ಟಿದ್ದಳು. ಬೀಗತಿ ಹಿಗ್ಗಿ ಹೀರೇಕಾಯಾಗಿ, ಹಾಗಾದರೆ ನಾವು ಬೇರೆ ಸೀರೆ ತರುವುದೇ ಇಲ್ಲ, ಎಂದು ಎಲ್ಲರ ಮುಂದೆ ಸಾರಿದರು.

ಮನೆಗೆ ಬಂದ ಮೇಲೆ ಅಪ್ಪ ಮೆಲ್ಲಗೆ ಕೇಳಿದ. "ಖರೇನ ನೇಯತೀಯೇನ? ಇಲ್ಲಾಂದ್ರ ಹೇಳು, ಊರಾಗಿಂದ ಒಂದು ಛಲೋ ಸೀರಿ ತರಸ್ತೀನಿ. ಯಾರಿಗೆ ಗೊತ್ತಾಗತದ?"

"ನನಗ ಗೊತ್ತಾಗತದಲ್ರೀ," ಎಂದಳು ಅವ್ವ. "ಮಾತು ಕೊಟ್ಟೀನಿ. ಅದರ ಕರಿ ಸೈತ ಪುಡಿಕೆ ಬಣ್ಣದ್ದಲ್ಲ, ನಮ್ಮಪ್ಪನ ಕರೀನ ಆಗಬೇಕು."

ಅವಳ ಅಪ್ಪನ ಕರಿ ಎಂದರೆ ಕಬ್ಬಿಣ ಮತ್ತು ಬೆಲ್ಲದ ಕರಿ. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ ಕೊಳೆಯಲು ಬಿಡಬೇಕು. ರೇಷ್ಮೆ ಎಳೆಯ ಲಡಿಗಳನ್ನು ಅಳಲೆಕಾಯಿಯ ನೀರಿನಲ್ಲಿ ನೆನೆಸಿ, ಆಮೇಲೆ ಆ ಕೊಳೆತ ನೀರಿನಲ್ಲಿ ಅದ್ದಬೇಕು. ಎರಡೂ ಕೂಡಿದಲ್ಲಿ ಕರಿ ಹುಟ್ಟುತ್ತದೆ. ಹುಡುಗಿಯಾಗಿದ್ದಾಗ ಅವ್ವನ ಪಾಲಿನ ಕೆಲಸ ಅದು. ಆಮೇಲೆ ಅಂಗಡಿಯ ಪುಡಿ ಬಣ್ಣ ಬಂತು, ಕೊಳೆ ಹಾಕುವ ಮಣ್ಣಿನ ಹರವಿ ಮೂಲೆ ಸೇರಿತು, ಅಜ್ಜ ತೀರಿಕೊಂಡ, ಮಗ್ಗವನ್ನು ಬಿಚ್ಚಿ ಅಟ್ಟಕ್ಕೇರಿಸಿದರು. ಅವ್ವನ ಅಣ್ಣ, ನನ್ನ ಸೋದರಮಾವ, ಬೇರೆಯವರ ಮನೆಯ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದ.

ಆ ಮಾವನಿಗೆ ಫೋನು ಹೋಯಿತು. ದೀಪಾವಳಿ ಮುಗಿಯುವ ಹೊತ್ತಿಗೆ ಅವನು ಬಂದೇಬಿಟ್ಟ. ಸ್ವಾರಗೇಟದ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಇಳಿಸಿಕೊಳ್ಳಲು ಹೋದಾಗಿನ ದೃಶ್ಯ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಸ್ಸಿನ ಟಾಪಿನ ಮೇಲೆ ಮಗ್ಗದ ಮರಗಳು, ಹಗ್ಗದಲ್ಲಿ ಬಿಗಿದ ಬಾಚಣಿಗೆಯಂಥ ಫಣಿ, ರಾಟಿಯ ಚಕ್ರ. ಕಂಡಕ್ಟರ್, "ಹೇ ಕಾಯ ಘರ ಆಣಲಂಯ ಕಾ?" ಮನೆಯನ್ನೇ ಕಿತ್ತು ತಂದಿದ್ದೀರಾ, ಎಂದು ಗೊಣಗುತ್ತಿದ್ದ. ಅವ್ವ ಯಾರ ಮಾತನ್ನೂ ಕೇಳಿಸಿಕೊಳ್ಳದೆ ಆ ರಾಟಿಯನ್ನು ಎದೆಗವಚಿಕೊಂಡು ನಿಂತಿದ್ದಳು. ಅಣ್ಣನನ್ನು ಮಾತಾಡಿಸುವುದೂ ಮರೆತಿತ್ತು.

"ನನ್ನ ಮಾರಿನೂ ಒಂದಿಟು ನೋಡವಾ ತಂಗಿ," ಎಂದ ಮಾವ. "ರಾಟಿ ಹಂಗ ನಾನೂ ಅಟ್ಟದ ಮ್ಯಾಲಿಂದನ ಬಂದೀನಿ."

ಅಪ್ಪ ಕುಣಿ ತೋಡಿದ್ದು ಇದಾದ ಮರುದಿನ. ನನಗಂತೂ ಮನೆಗೆ ಹೊಸ ಕೂಸು ಬಂದಂತೆ ಆಗಿತ್ತು. ಆಫೀಸಿನಿಂದ ಓಡಿ ಬರುತ್ತಿದ್ದೆ. ಮಂಡೈ ಹತ್ತಿರದ ಕಾಷ್ಠೌಷಧಿ ಅಂಗಡಿಯಿಂದ ಚೀಲಗಟ್ಟಲೆ ಅಳಲೆಕಾಯಿ ಹೊತ್ತು ತಂದಾಗ, ಅಂಗಡಿಯವನು ಕನಿಕರದಿಂದ, ಮನೆಯಲ್ಲಿ ಯಾರಿಗೆ ಇಷ್ಟು ಹೊಟ್ಟೆ ಕಟ್ಟಿದೆ ಎಂದು ಕೇಳಿದ್ದ. ಸೆರಗಿನ ಕೆಂಪನ್ನು ಅರಗಿನಿಂದ ತೆಗೆದೆವು. ಅದು ಏನೂ ತಕರಾರು ಮಾಡದೆ ಬಂತು. ತಂಗಿಯ ಮದುವೆಯೂ ಅದೇ ಗದ್ದಲದಲ್ಲಿ ಮುಗಿಯಿತು, ಕುಣಿಯ ಮೇಲೆ ಹಲಗೆ ಹೊದಿಸಿ ಅದರ ಮೇಲೇ ಬೀಗರನ್ನು ಕೂಡಿಸಿದ್ದೆವು. ಉಳಿದದ್ದು ಕರಿ ಮಾತ್ರ.

ಹಿತ್ತಲಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮು ಇಟ್ಟೆವು. ಮುರಿದ ಕುಡಗೋಲು, ಕುದುರೆಯ ಲಾಳ, ತುಕ್ಕು ಮೊಳೆ, ಎಲ್ಲವನ್ನೂ ನಾನೇ ಗುಜರಿಯಲ್ಲಿ ಕೈ ಹಾಕಿ ಆರಿಸಿ ತಂದೆ. ಬೆಲ್ಲದ ಜವಾಬ್ದಾರಿ ಅಪ್ಪ ವಹಿಸಿಕೊಂಡ. ನೀರು ಹುಳಿಯಿತು, ನೊರೆ ಬಂತು, ವಾಸನೆ ಎದ್ದಿತು. ಎಂಥ ವಾಸನೆ! ಓಣಿಯ ತುದಿಯವರೆಗೆ ಘಮ್ಮೆಂದು ಹಬ್ಬಿತು. ನಾವು ವಹಿನಿ ಎಂದು ಕರೆಯುವ ಪಕ್ಕದ ಮನೆಯವರು ಒಂದು ಸಂಜೆ ಬಂದು, ಬಾಗಿಲು ಮುಂದೆ ಮಾಡಿಕೊಂಡು, ಸಂಕೋಚದಿಂದ ಅವ್ವನ ಕಿವಿಯಲ್ಲಿ, ನಿಮ್ಮ ಅಂಗಡಿ ಚೆನ್ನಾಗಿ ನಡೀತಾ ಇದೆಯಲ್ಲ, ಈ ದಾರೂ ಧಂದೆ ಯಾಕೆ ಬೇಕಿತ್ತು, ಎಂದರು. ಅವ್ವ ಅವರ ಕೈ ಹಿಡಿದು ಡ್ರಮ್ಮಿನ ಹತ್ತಿರ ಕರೆದೊಯ್ದು ಕುದುರೆ ಲಾಳ ತೋರಿಸಿದಳು. ಕುದುರೆ ಲಾಳದ ಸೆರೆ ಎಂಥದಿರಬಹುದು ಎಂದು ವಹಿನಿಗೆ ಇನ್ನಷ್ಟು ಗಾಬರಿಯಾಯಿತು.

ಆದರೆ ಕರಿ ಬರಲಿಲ್ಲ. ಅವ್ವ ಒಂದು ಎಳೆಯ ತುಂಡನ್ನು ಅದ್ದಿ ತೆಗೆದರೆ ಇಲಿಯ ಬಣ್ಣ. ಇನ್ನೂ ಕೊಳೆಯಲಿ ಎಂದು ಬಿಟ್ಟೆವು. ಆಮೇಲೆ ಅದ್ದಿದರೂ ಇಲಿಯೇ. ಸಂಕ್ರಾಂತಿ ಹತ್ತಿರ ಬರುತ್ತಿತ್ತು. ನೇಯ್ಗೆಗೆ ಬೇಕಾದ ದಿನಗಳನ್ನು ಮಾವ ಬೆರಳು ಮಡಚಿ ಲೆಕ್ಕ ಹಾಕಿ, ಮತ್ತೆ ಬಿಚ್ಚುತ್ತಿದ್ದ. ಅವ್ವನಿಗೆ ಅನ್ನ ಸೇರದಾಯಿತು. ಹೊಸ ಸೊಸೆಯನ್ನು ನೋಡಲು ಬಂದ ಹೆಂಗಸರೆಲ್ಲರಿಗೂ ಬೀಗತಿ ಸೀರೆಯ ಸುದ್ದಿ ಹೇಳುತ್ತಿದ್ದಾರೆಂದು ತಂಗಿ ಫೋನಿನಲ್ಲಿ ತಿಳಿಸಿದಳು. "ಅಕ್ಕಾ, ಇಲ್ಲಿ ಎಲ್ಲಾರೂ ಕಾಯಲಿಕ್ಕತ್ತಾರ," ಎಂದಳು.

ಒಂದು ಬೆಳಿಗ್ಗೆ ಅವ್ವ ಅಡುಗೆಮನೆಯಲ್ಲಿ ಉಳಿದಿದ್ದ ಬೆಲ್ಲದ ಪೆಂಟೆಯನ್ನು ಎತ್ತಿ ನೋಡಿದಳು. ಬಂಗಾರದ ಬಣ್ಣ, ಕಣ್ಣು ಕುಕ್ಕುವ ಹಳದಿ. ಒಂದು ಚೂರು ನಾಲಿಗೆಯ ಮೇಲಿಟ್ಟಳು, ಉಗುಳಿದಳು.

"ಈ ಬೆಲ್ಲಾ ಎಲ್ಲಿದು ರೀ?"

"ಪೇಟ್ಯಾಗ ಇದಕ್ಕಿಂತ ಛಲೋದು ಸಿಗಂಗಿಲ್ಲ," ಎಂದ ಅಪ್ಪ ಎದೆಯುಬ್ಬಿಸಿ. "ಒಂದ ನಂಬರ್ ಮಾಲು."

"ಅದಕ್ಕ ಆಗ್ಯದ. ಇದು ಮದ್ದು ಹಾಕಿ ಬೆಳ್ಳಗ ಮಾಡಿದ್ದು. ಇದು ಕೊಳಿಯಂಗಿಲ್ಲ, ಕಬ್ಬಿಣಾ ತಿನ್ನಂಗಿಲ್ಲ. ನಾ ಕರಿ ಬೆಲ್ಲಾ ತರ್ರಿ ಅಂದಿದ್ದಿಲ್ಲೇನು?"

"ಅಂದಿದ್ದಿ. ಆದ್ರ ನನ್ನ ಮಗಳ ಸೀರಿಗೆ ದನಕ್ಕ ತಿನ್ನಸೋ ಬೆಲ್ಲಾ ಹಾಕಲೇನು ನಾ?"

ಅವ್ವ ನಗಬೇಕೋ ಅಳಬೇಕೋ ತಿಳಿಯದೆ ಅಲ್ಲೇ ಕೂತಳು. ಇಂಥ ತಪ್ಪು ಮಾಡಲು ಅಂಗಡಿಯ ಗಾದಿಯ ಮೇಲೇ ಬೆಳೆದಿರಬೇಕು. ಜೀವಮಾನವಿಡೀ ಮಾಲಿನ ಅಂಚು ಹಿಡಿದು ಉತ್ತಮ, ಮಧ್ಯಮ ಎಂದು ಬೇರ್ಪಡಿಸಿದವನಿಗೆ, ಕೀಳಾದದ್ದೇ ಬೇಕು ಎಂಬ ಮಾತು ತಲೆಗೆ ಹೋಗುವುದು ಹೇಗೆ? ನಾನು ಅಪ್ಪನನ್ನು ಎಬ್ಬಿಸಿಕೊಂಡು ಸ್ವಾರಗೇಟಕ್ಕೆ ಹೋಗಿ ಬಾರಾಮತಿಯ ಬಸ್ಸು ಹತ್ತಿದೆ. ಆ ಕಡೆ ಕಬ್ಬಿನ ಗದ್ದೆಗಳ ನಡುವೆ ಆಲೆಮನೆಗಳಿವೆ ಎಂದು ಬೆಲ್ಲದ ಅಂಗಡಿಯವರು ಹೇಳಿದ್ದರು.

ಆಲೆಮನೆಯ ಯಜಮಾನ ನಮ್ಮನ್ನು ಕಂಡು ಬಿಸಿ ಬೆಲ್ಲ ಎಲೆಯಲ್ಲಿ ಹಾಕಿ ಕೊಟ್ಟ. ಅಪ್ಪ ತಿಂದು, ಕೈ ಒರೆಸಿಕೊಂಡು, ಒಮ್ಮೆ ಕೆಮ್ಮಿ, ಮರಾಠಿಯಲ್ಲಿ ಕೇಳಿದ, ನಿಮ್ಮಲ್ಲಿ ಎಲ್ಲಕ್ಕಿಂತ ಕೆಟ್ಟ ಬೆಲ್ಲ ಯಾವುದಿದೆ? ಯಜಮಾನನ ಮುಖ ಕಪ್ಪಿಟ್ಟಿತು. ನಮ್ಮಲ್ಲಿ ಕೆಟ್ಟದ್ದು ಇಲ್ಲವೇ ಇಲ್ಲ, ಎಂದ. ಇರಲೇಬೇಕು, ಎಂದ ಅಪ್ಪ. ಇಲ್ಲ ಎಂದೆನಲ್ಲ, ಎಂದು ಅವನು ರೇಗಿದ. ಸ್ವಲ್ಪವಾದರೂ ಹೊತ್ತಿದ್ದು, ಸೀದದ್ದು, ಕಪ್ಪಗಾದದ್ದು, ಎಂದು ಅಪ್ಪ ಬೇಡಿಕೊಳ್ಳುತ್ತಿದ್ದ. ನಾನು ಕಬ್ಬಿನ ಸಿಪ್ಪೆಯ ರಾಶಿಯ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೊನೆಗೆ ಮಗಳ ಸೀರೆಯ ಕಥೆಯನ್ನೆಲ್ಲ ಬಿಡಿಸಿ ಹೇಳಿದ ಮೇಲೆ, ಕೊಪ್ಪರಿಗೆಯ ತಳ ಹಿಡಿದಿದ್ದನ್ನು, ಎತ್ತಿಗೆ ಹಾಕಲು ತೆಗೆದಿಟ್ಟಿದ್ದನ್ನು, ಯಜಮಾನ ಗೋಣಿಯಲ್ಲಿ ತುಂಬಿಸಿ ಕೊಟ್ಟ. ಅಪ್ಪ ಆ ಗೋಣಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಂದ ಕೆಳಗಿಳಿಸಲಿಲ್ಲ.

ಈ ಸಲ ಡ್ರಮ್ಮು ಕೆಲವೇ ದಿನಗಳಲ್ಲಿ ಬೇರೆಯದೇ ದನಿ ಮಾಡತೊಡಗಿತು. ಹಗಲೆಲ್ಲ ಬಿಸಿಲಲ್ಲಿ ಗುಳುಗುಳು. ಲಡಿಗಳನ್ನು ಅದ್ದುವ ದಿನ ನಾವೆಲ್ಲ ಹಿತ್ತಲಲ್ಲಿ ಸುತ್ತ ನಿಂತಿದ್ದೆವು. ಅಳಲೆಯಲ್ಲಿ ಮಿಂದು ಬೆಣ್ಣೆ ಬಣ್ಣಕ್ಕೆ ತಿರುಗಿದ್ದ ರೇಷ್ಮೆಯನ್ನು ಅವ್ವ ನೀರಿಗೆ ಬಿಟ್ಟಳು. ಎತ್ತಿದಾಗ ಬೂದಿ ಬಣ್ಣ. ಮತ್ತೆ ಇಲಿಯೇ ಎಂದುಕೊಂಡೆ. ಅವ್ವ ಮಾತ್ರ ಹಿಂಡಿ, ಕೊಡವಿ, ಗಾಳಿಗೆ ಹಿಡಿದಳು. ನಾವು ನೋಡುತ್ತಿದ್ದಂತೆಯೇ ಬೂದಿ ಕಪ್ಪಾಗತೊಡಗಿತು. ಮತ್ತೆ ಅದ್ದಿದಳು, ಮತ್ತೆ ಗಾಳಿಗೆ ಹಿಡಿದಳು. ಪ್ರತಿ ಸಲವೂ ಒಂದು ಪಾಲು ಹೆಚ್ಚು ಕಪ್ಪು, ಕೊನೆಗೆ ಬಿಸಿಲಲ್ಲಿ ಒಳಗಿನಿಂದ ನೀಲಿ ಹಾಯುವಂಥ ಕಪ್ಪು. "ಬಂತು! ಬಂತು ನೋಡ್ರಿ!" ಎಂದು ಅವ್ವ ಕೂಗಿದ್ದು ಓಣಿಗೆಲ್ಲ ಕೇಳಿಸಿತು. ಮೊಳಕೈವರೆಗೂ ಕರಿ ಹತ್ತಿದ್ದ ಕೈಗಳಿಂದಲೇ ನನ್ನ ಗಲ್ಲ ಹಿಡಿದಳು. ಆ ಗುರುತು ಹೊತ್ತುಕೊಂಡೇ ಮರುದಿನ ಆಫೀಸಿಗೆ ಹೋದೆ, ಬೇಕೆಂದೇ ಉಜ್ಜಿ ತೊಳೆದಿರಲಿಲ್ಲ.

"ಕರಿ ಹಂಗ ಬಿಟ್ರ ರೇಷ್ಮಿ ತಿಂತೈತಿ," ಎಂದು ಮಾವ ಎಚ್ಚರಿಸಿದ. ಉಳಿದ ಕಬ್ಬಿಣವೆಲ್ಲ ಹೋಗಬೇಕು, ಇಲ್ಲವಾದರೆ ಎಳೆ ಮಗ್ಗದ ಮೇಲೆ ಪಟಪಟ ಹರಿಯುತ್ತದೆ. ಅದಕ್ಕೆ ಹರಿಯುವ ನೀರೇ ಆಗಬೇಕು. ಪುಣೆಯ ಹೊಳೆಯ ನೀರು ಹೊಲಸು. ಕಾಲುವೆಗೆ ಹೋದೆವು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕಪ್ಪು ನೀರು ತಮ್ಮ ಕಡೆ ಬರುವುದನ್ನು ಕಂಡು ಬೈಯಲು ಬಾಯಿ ತೆರೆದರು. ಅವ್ವ, "ಮಾಝ್ಯಾ ಲೇಕೀಚೀ ಚಂದ್ರಕಳಾ," ನನ್ನ ಮಗಳ ಚಂದ್ರಕಾಳಿ, ಎಂದದ್ದೇ ತಡ, ಎಲ್ಲರೂ ತಮ್ಮ ಬಟ್ಟೆಗಳನ್ನು ಎತ್ತಿಕೊಂಡು ನಮಗೆ ಜಾಗ ಬಿಟ್ಟರು. ಒಬ್ಬಾಕೆಯಂತೂ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ತಾನೇ ನೀರಿಗಿಳಿದು ಲಡಿಯ ಇನ್ನೊಂದು ತುದಿ ಹಿಡಿದಳು.

ಮಾವ ಕುಣಿಗಿಳಿದ. ಲಾಳಿ ಓಡಿತು. ಆ ಸದ್ದಿನಲ್ಲಿ ಟಿವಿ ಕೇಳಿಸದಾಯಿತು, ಯಾರಿಗೂ ಅದರ ಚಿಂತೆ ಇರಲಿಲ್ಲ. ಅವ್ವ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ, ಎಳೆ ಸುತ್ತಿದ ಸಣ್ಣ ಕಡ್ಡಿ, ಅದರ ಎಳೆ ಮುಗಿದರೆ ನೇಯ್ಗೆ ನಿಲ್ಲುತ್ತದೆ. ಆದರೆ ಹಳದಿ ಬೆಲ್ಲ ತಿಂದುಹಾಕಿದ ದಿನಗಳನ್ನು ಯಾರೂ ಮರಳಿಸುವಂತಿರಲಿಲ್ಲ. ಸಂಕ್ರಾಂತಿಯ ಬೆಳಿಗ್ಗೆ ಮಗ್ಗದ ಮೇಲೆ ಅರ್ಧ ಸೀರೆ ಮಾತ್ರ ಇತ್ತು. ಅಪ್ಪ ಯಾರ ಮುಖವನ್ನೂ ನೋಡದೆ ಅಂಗಡಿಗೆ ಹೋದ. ಅವ್ವ ಎಳ್ಳು ಬೆಲ್ಲ ಕೂಡ ಮುಟ್ಟದೆ, ಫೋನಿನ ಮುಂದೆ ಬಹಳ ಹೊತ್ತು ಕೂತು, ಕೊನೆಗೆ ಬೀಗತಿಯ ನಂಬರು ತಿರುಗಿಸಿದಳು. "ಝಾಲೀ ನಾಹೀ," ಆಗಲಿಲ್ಲ, ಎಂದಳು.

ರಿಸೀವರಿನ ಆಚೆಯಿಂದ ಬಂದ ಬೀಗತಿಯ ಮಾತು ನನಗೂ ಕೇಳಿಸುವಷ್ಟು ಜೋರಾಗಿತ್ತು. ಅಯ್ಯೋ ಬೀಗತಿಯರೇ, ಅರಿಶಿನ ಕುಂಕುಮಕ್ಕೆ ಇವತ್ತೊಂದೇ ದಿನವೇ, ರಥಸಪ್ತಮಿಯ ತನಕ ನಡೆಯುತ್ತದಲ್ಲ, ನಾನು ಆ ದಿನಕ್ಕೇ ಎಲ್ಲರನ್ನೂ ಕರೆಯುತ್ತೇನೆ, ನೀವು ಗಡಿಬಿಡಿ ಮಾಡಿ ಎಳೆ ಹರಿಯಬೇಡಿ, ಎಂದರು. ಎಷ್ಟೋ ವರ್ಷಗಳಿಂದ ಪುಣೆಯಲ್ಲಿದ್ದ ನಮಗೆ ಇಷ್ಟೂ ಹೊಳೆದಿರಲಿಲ್ಲ! ಅವ್ವ ಫೋನಿಟ್ಟು ಬಂದು ಬಟ್ಟಲು ತುಂಬ ಎಳ್ಳು ಬೆಲ್ಲ ತಿಂದಳು, ಮಾವನಿಗೂ ಒಂದು ಮುಷ್ಟಿ ಬಾಯಿಗೆ ತುರುಕಿದಳು. ಸೆರಗಿನ ಕೆಂಪು ಎಳೆಗಳನ್ನು ಒಡಲಿನ ಕರಿ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ದಿನ ಅಣ್ಣ ತಂಗಿ ಎದುರುಬದುರು ಕೂತರು. ಒಂದೇ ಒಂದು ಮಾತೂ ಆಡದೆ ನಾಲ್ಕು ಕೈಗಳು ಒಬ್ಬರದೇ ಕೈಗಳಂತೆ ಓಡಾಡಿದವು. ಎಳೆ ಹಾರದಂತೆ, ಯಾರೂ ಫ್ಯಾನು ಹಚ್ಚಬಾರದೆಂದು ನನ್ನನ್ನು ಕಾವಲಿಗೆ ಹಾಕಿದ್ದರು.

ರಥಸಪ್ತಮಿಯ ಸಂಜೆ ಬೀಗರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಂಗಿ ಕುಸರೆಳ್ಳಿನ ಸರ, ಬಾಜುಬಂದಿ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಆ ಬಿಳಿಯ ಕೆಳಗೆ ನಮ್ಮ ಕರಿ ಬೆಳಗುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಲ್ಲಿದ್ದ ಎಲ್ಲ ಸೀರೆಗಳೂ ಅದರ ಮುಂದೆ ಸಪ್ಪೆಯಾಗಿದ್ದವು. ಹೆಂಗಸರು ಕುಂಕುಮ ಹಚ್ಚುವ ನೆಪದಲ್ಲಿ ಸೆರಗು ಮುಟ್ಟಿ ಮುಟ್ಟಿ ನೋಡಿದರು. ಒಬ್ಬರು ಅವ್ವನ ಕಡೆ ತಿರುಗಿ, "ಕುಠೂನ ಘೇತಲೀ ಹೋ?" ಎಲ್ಲಿ ಕೊಂಡಿರಿ, ಎಂದು ಕೇಳಿದರು. ಅವ್ವ ಬೆನ್ನು ನೆಟ್ಟಗೆ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು, ಕೊಂಡಿಲ್ಲ, ನಾನು ನೇಕಾರರ ಮಗಳು, ಬಣ್ಣ ನನ್ನದು, ನೇಯ್ಗೆ ನನ್ನ ಅಣ್ಣನದು. ನನ್ನ ಕಣ್ಣು ತುಂಬಿ ಬಂತು. ಅಪ್ಪ ಬಾಗಿಲಾಚೆ ಗಂಡಸರ ನಡುವೆ ನಿಂತು ಆ ಮಾತು ಕೇಳಿಸಿಕೊಂಡದ್ದನ್ನು ನಾನು ನೋಡಿದೆ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಎಲ್ಲರೂ ಕುಣಿಯ ಸುತ್ತ ಕೂತಿದ್ದೆವು. ತಂಗಿಯ ಸೀರೆ ಕತ್ತರಿಸಿದ ಮೇಲೂ ಮಗ್ಗದ ಮೇಲೆ ಕರಿ ಹಾಸು, ಅಂದರೆ ಉದ್ದೆಳೆ, ಉಳಿದಿತ್ತು, ಇನ್ನೊಂದು ಸೀರೆಗಾಗುವಷ್ಟು. ಒಂದೇ ಸೀರೆಗೆಂದು ಯಾವ ನೇಕಾರನೂ ಹಾಸು ಹೂಡುವುದಿಲ್ಲವಂತೆ. ಅದನ್ನು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದು ಅಪ್ಪ ಅಂದ. ನಾನಂತೂ ಅದು ನನ್ನದೇ ಎಂದು ಮನಸ್ಸಿನಲ್ಲೇ ಉಟ್ಟುಕೊಂಡು ಕೂತಿದ್ದೆ. ಬೀಗತಿ ಬೇರೆ ತಮಗೊಂದು ಬೇಕೆಂದು ಹೇಳಿ ಕಳಿಸಿದ್ದರು.

"ಅದು ನಂದು," ಎಂದಳು ಅವ್ವ.

ಎಲ್ಲರೂ ಅವಳ ಕಡೆ ತಿರುಗಿದೆವು.

"ಸಣ್ಣಾಕಿ ಇದ್ದಾಗ ಪ್ರತಿ ಸಂಕ್ರಾಂತಿಗೆ ನನ್ನ ಕೈ ಕರ್ರಗ ಇರತಿದ್ವು. ಎಷ್ಟೋ ಮಂದಿ ಸೊಸೆಂದ್ರು ಉಟ್ರು. ನಮ್ಮ ಮನ್ಯಾಗ ಒಂದೂ ಉಳೀಲಿಲ್ಲ, ಎಲ್ಲಾ ಗಾದಿಗೆ ಹೋದುವು." ಆಮೇಲೆ ಅಪ್ಪನ ಕಡೆ ನೋಡಿ, ಸಿಟ್ಟಿಲ್ಲದೆ ಹೇಳಿದಳು. "ನನ್ನ ಮೊದಲನೇ ಸಂಕ್ರಾಂತಿಗೆ ನೀವು ನೈಲಾನ್ ಸೀರಿ ತಂದ್ರಿ. ಹೂವಿನ ಚಿತ್ರದ್ದು. ಉಟ್ಟೆ. ಆದ್ರ ನನಗ ಕರೀದ ಬೇಕಾಗಿತ್ತು."

ಆ ನೈಲಾನ್ ಸೀರೆ ಆ ಕಾಲಕ್ಕೆ ಪೇಟೆಯಲ್ಲೇ ಒಂದ ನಂಬರ್ ಮಾಲಾಗಿದ್ದಿರಬೇಕು, ಅಪ್ಪನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮಾವ ಚಹಾದ ಲೋಟ ಕೆಳಗಿಟ್ಟು ಕುಣಿಗಿಳಿದ. ಲಾಳಿ ಎತ್ತಿ ನೋಡಿ, "ಕಂಡಿಕಿ ಖಾಲಿ ಐತಿ," ಎಂದ.

ಅವ್ವ ಎದ್ದು ರಾಟಿಯ ಕಡೆ ಹೋಗುವುದರೊಳಗೆ ಅಪ್ಪ ಹೋಗಿ ಅದರ ಮುಂದೆ ಕೂತುಬಿಟ್ಟಿದ್ದ. ಗಾದಿಯ ಮೇಲೆ ಕೂತು ಅಭ್ಯಾಸವಾದ ದೇಹ, ಬರಿ ನೆಲದ ಮೇಲೆ ಕಾಲು ಮಡಚಲು ಒದ್ದಾಡಿತು. ಒಂದು ಕೈಯಲ್ಲಿ ಕರಿ ಎಳೆ, ಒಂದು ಕೈಯಲ್ಲಿ ಖಾಲಿ ಕಡ್ಡಿ ಹಿಡಿದುಕೊಂಡು ಅವ್ವನ ಮುಖ ನೋಡಿದ.

"ಹೆಂಗ ಸುತ್ತೋದು, ಹೇಳಿಕೊಡು," ಎಂದ.

ಅವ್ವ ಅವನ ಮಗ್ಗುಲಲ್ಲಿ ಕೂತು ಎಳೆಯ ತುದಿಯನ್ನು ಕಡ್ಡಿಗೆ ಸಿಕ್ಕಿಸಿ ಕೊಟ್ಟಳು. "ಜಗ್ಗಬ್ಯಾಡ್ರಿ," ಎಂದಳು, "ಸಾವಕಾಶ ಬಿಡ್ರಿ."